ಅರೇಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ದೂರದ ಲೆಕ್ಕ ಮತ್ತು ವೇಳೆಯ ಲೆಕ್ಕ

ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಎಷ್ಟು ದೂರ? ಈ ಸರಳ ಪ್ರಶ್ನೆಗೆ ಒಂದಲ್ಲ, ನಾಲ್ಕು ಉತ್ತರಗಳು ದೊರೆಯುತ್ತವೆ. ಭೂಗೋಳದ ಲೆಕ್ಕದಂತೆ ಅದು ಸುಮಾರು 14,000 ಕಿ.ಮೀ. ವಿಮಾನವು ನಿಜವಾಗಿ ಹಾರುವ ದಾರಿಯಂತೆ ಕೆಲವೊಮ್ಮೆ 16,000 ಕಿ.ಮೀ. ಟಿಕೆಟ್ಟಿನ ಮೇಲಿನ ತಾರೀಖುಗಳನ್ನು ನೋಡಿದರೆ ಹೋಗುವಾಗ ಎರಡೂವರೆ ಗಂಟೆ, ಬರುವಾಗ ಮೂರು ತಾರೀಖುಗಳಿಗೆ ಹರಡಿದ ಪಯಣ. ಬೇಲೂರು ತಾಲ್ಲೂಕಿನ ಅರೇಹಳ್ಳಿಯಿಂದ ಹೊರಡುವ ಕಾಫಿ ಬೆಳೆಗಾರನಿಗಾದರೆ ಇವು ಯಾವುವೂ ಅಲ್ಲ. ಅವನಿಗೆ ಅದು ಮನೆಯ ಬಾಗಿಲಿನಿಂದ ಎಣಿಸಿದ ಒಂದು ಹಗಲು, ಒಂದು ರಾತ್ರಿ ಮತ್ತು ಅದರ ಮೇಲೆ ಕೆಲವು ಗಂಟೆಗಳು.

ನಾಲ್ಕೂ ಉತ್ತರಗಳು ತಮ್ಮ ತಮ್ಮ ನೆಲೆಯಲ್ಲಿ ಸರಿಯಾದವೇ. ಆದರೆ ಯಾವ ಕೆಲಸಕ್ಕೆ ಯಾವ ಲೆಕ್ಕವನ್ನು ಹಿಡಿಯಬೇಕೆಂಬುದು ತಿಳಿಯದಿದ್ದರೆ ವ್ಯಾಪಾರಿಗೆ ನಷ್ಟ ತಪ್ಪಿದ್ದಲ್ಲ. ಖರೀದಿದಾರನ ಭೇಟಿಯ ದಿನ ತಪ್ಪಬಹುದು, ಸಂಪರ್ಕ ವಿಮಾನ ಕೈಬಿಡಬಹುದು, ಕಳುಹಿಸಿದ ಮಾದರಿ ರಜೆಯ ದಿನ ತಲುಪಿ ಮೂಲೆಯಲ್ಲಿ ಉಳಿಯಬಹುದು. ಆದ್ದರಿಂದ ಎರಡು ದೂರದ ವಿಮಾನ ನಿಲ್ದಾಣಗಳ ನಡುವಣ ಅಂತರ ಮತ್ತು ಪಯಣದ ಅವಧಿಯನ್ನು ಹೇಗೆ ಅಳೆಯಲಾಗುತ್ತದೆ ಎಂಬುದನ್ನು ಮಲೆನಾಡಿನ ಅಂಚಿನ ವರ್ತಕರು, ಬೆಳೆಗಾರರು ಮತ್ತು ಪ್ರವಾಸೋದ್ಯಮಿಗಳು ತಿಳಿದಿರುವುದು ಉಪಯುಕ್ತ.

ಭೂಪಟದ ದೂರ, ಗೋಳದ ದೂರ

ಶಾಲೆಯ ಗೋಡೆಯ ಮೇಲಿನ ಪ್ರಪಂಚದ ನಕ್ಷೆಯಲ್ಲಿ ಬೆಂಗಳೂರು ಬಲಭಾಗದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ ಎಡತುದಿಯಲ್ಲಿದೆ. ಅಡಿಕೋಲಿಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕದ ಉತ್ತರ ಭಾಗ ಮತ್ತು ಅಟ್ಲಾಂಟಿಕ್ ಸಾಗರವನ್ನು ಹಾದು ಹೋಗುತ್ತದೆ. ಇದೇ ಹತ್ತಿರದ ದಾರಿಯೆಂದು ಭಾವಿಸುವುದು ಸಹಜ. ಆದರೆ ಅದು ಸರಿಯಲ್ಲ. ಉಂಡೆಯಾಕಾರದ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡುವಾಗ ಯಾವುದಾದರೊಂದು ಅಳತೆ ಕೆಡಲೇಬೇಕು. 1569ರಲ್ಲಿ ಮರ್ಕೇಟರ್ ರಚಿಸಿದ ನಕ್ಷಾಕ್ರಮವು ಹಡಗಿನವರಿಗೆ ದಿಕ್ಕನ್ನು ಸರಿಯಾಗಿ ತೋರಿಸಿತು. ಆದರೆ ಧ್ರುವಗಳ ಕಡೆಗೆ ಸಾಗಿದಂತೆ ಭೂಭಾಗಗಳನ್ನು ಹಿಗ್ಗಿಸಿ ತೋರಿಸಿತು. ಆ ಕ್ರಮದ ನಕ್ಷೆಯಲ್ಲಿ ದೂರವನ್ನು ನೇರವಾಗಿ ಅಳೆಯಲು ಬರುವುದಿಲ್ಲ.

ಸರಿಯಾದ ದೂರವನ್ನು ಕಾಣಲು ಒಂದು ಗೋಳವೂ ಒಂದು ದಾರವೂ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಮತ್ತೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೂ ಇಟ್ಟು ಬಿಗಿಯಾಗಿ ಎಳೆದರೆ ದಾರವು ತಾನಾಗಿ ಅತಿ ಹತ್ತಿರದ ದಾರಿಯನ್ನು ಹಿಡಿಯುತ್ತದೆ. ಆ ದಾರಿ ಪಶ್ಚಿಮಕ್ಕೂ ಹೋಗುವುದಿಲ್ಲ, ನೇರ ಪೂರ್ವಕ್ಕೂ ಹೋಗುವುದಿಲ್ಲ. ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ಬಾಗಿ ಹೊರಟು ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು ಮತ್ತು ಪೂರ್ವ ಸೈಬೀರಿಯಾಗಳನ್ನು ದಾಟಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲಿಂದ ಇಳಿದು ಕ್ಯಾಲಿಫೋರ್ನಿಯಾವನ್ನು ಮುಟ್ಟುತ್ತದೆ. ಇದಕ್ಕೆ ಮಹಾವೃತ್ತ ಮಾರ್ಗವೆಂದು ಹೆಸರು. ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ ಒಂದು ತುಣುಕೇ ಈ ಮಾರ್ಗ.

ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳು ಗೊತ್ತಿದ್ದರೆ ಈ ದೂರವನ್ನು ತ್ರಿಕೋನಮಿತಿಯ ಒಂದೇ ಸೂತ್ರದಿಂದ ಪಡೆಯಬಹುದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವು 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ಈ ಮಾರ್ಗದಲ್ಲಿ ನೇರ ಸೇವೆಯನ್ನು ಆರಂಭಿಸಿದಾಗ ಏರ್ ಇಂಡಿಯಾ ಸಂಸ್ಥೆ ಪ್ರಕಟಿಸಿದ ಅಂಕಿ 13,993 ಕಿ.ಮೀ. ಇಡೀ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಎಂಬುದನ್ನು ನೆನೆದರೆ, ಈ ಒಂದು ಹಾರಾಟವು ಭೂಮಿಯ ಸುತ್ತಿನ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಎಂಬುದು ಮನದಟ್ಟಾಗುತ್ತದೆ.

ಹತ್ತಿರದ ದಾರಿಯನ್ನೇ ವಿಮಾನ ಏಕೆ ಹಿಡಿಯುವುದಿಲ್ಲ?

ದಾರ ತೋರಿಸಿದ ದಾರಿಯಲ್ಲಿಯೇ ವಿಮಾನ ಹಾರಬೇಕೆಂಬ ನಿಯಮವಿಲ್ಲ. ಅದಕ್ಕೆ ಅಡ್ಡಿಯಾಗುವ ಕಾರಣಗಳು ಮುಖ್ಯವಾಗಿ ಮೂರು: ನೆಲ, ಗಡಿ ಮತ್ತು ಗಾಳಿ.

ಮೊದಲನೆಯದು ನೆಲ. ವಿಮಾನದೊಳಗಿನ ಗಾಳಿಯ ಒತ್ತಡ ಆಕಸ್ಮಿಕವಾಗಿ ಕುಸಿದರೆ, ಚಾಲಕರು ಪ್ರಯಾಣಿಕರು ಸಹಜವಾಗಿ ಉಸಿರಾಡಬಲ್ಲ ಎತ್ತರಕ್ಕೆ, ಅಂದರೆ ಸುಮಾರು 3,000 ಮೀಟರಿಗೆ ಬೇಗನೆ ಇಳಿಸಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,000 ಮೀಟರಿಗಿಂತ ಹೆಚ್ಚು. ಅಲ್ಲಿ ಇಳಿಯಲು ಕೆಳಗೆ ಆಕಾಶವೇ ಇರುವುದಿಲ್ಲ. ಆದ್ದರಿಂದ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಹಿಮಾಲಯದ ಆಚೆಯ ಈ ಭಾಗವನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು ಗಡಿ. ಒಂದು ದೇಶದ ಮೇಲಿನ ಆಕಾಶವೂ ಆ ದೇಶದ ಅಧೀನದಲ್ಲಿದ್ದು, ಹಾರಲು ಅನುಮತಿಯೂ ಶುಲ್ಕವೂ ಬೇಕು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ಅಮೆರಿಕ ಮತ್ತು ಐರೋಪ್ಯ ಸಂಸ್ಥೆಗಳಿಗೆ ರಷ್ಯದ ಆಕಾಶ ಮುಚ್ಚಿತು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ಸೇವೆ ನೀಡುವುದಾಗಿ ಘೋಷಿಸಿದ್ದ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ತನ್ನ ಯೋಜನೆಯನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ ಕೈಬಿಟ್ಟಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಹಾರಾಟಗಳು ಸುತ್ತು ದಾರಿ ಹಿಡಿಯಬೇಕಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಕೊಲ್ಲಿ ರಾಷ್ಟ್ರಗಳ ಆಕಾಶವೂ ಕೆಲವು ಗಂಟೆಗಳ ಕಾಲ ಮುಚ್ಚಿತ್ತು. ಎರಡು ನಿಲ್ದಾಣಗಳ ಅಂತರ ಬದಲಾಗದು. ಆದರೆ ರಾಜಕೀಯ ಕಾರಣಗಳಿಂದ ದಾರಿ ಒಂದೇ ರಾತ್ರಿಯಲ್ಲಿ ಉದ್ದವಾಗಬಹುದು.

ಮೂರನೆಯದು ಗಾಳಿ. ಭೂಮಿಯಿಂದ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯ ಪ್ರವಾಹಕ್ಕೆ ಜೆಟ್ ಮಾರುತವೆಂದು ಹೆಸರು. ಚಳಿಗಾಲದಲ್ಲಿ ಇದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವಲ್ಲ. ವಿಮಾನದ ಸಹಜ ವೇಗ ಗಂಟೆಗೆ ಸುಮಾರು 900 ಕಿ.ಮೀ. ಇಂಥ ಗಾಳಿ ಬೆನ್ನಿಗೆ ಬಿದ್ದರೆ ನೆಲದ ಲೆಕ್ಕದಲ್ಲಿ ವೇಗ 1,100 ಕಿ.ಮೀ.ಗೆ ಏರುತ್ತದೆ, ಎದುರು ಬಂದರೆ 700ಕ್ಕೆ ಇಳಿಯುತ್ತದೆ. ಹೊಳೆಯಲ್ಲಿ ನೀರಿನ ಸೆಳೆತದೊಂದಿಗೆ ಸಾಗುವ ದೋಣಿಗೂ ಸೆಳೆತದ ವಿರುದ್ಧ ಹುಟ್ಟು ಹಾಕುವ ದೋಣಿಗೂ ಇರುವ ವ್ಯತ್ಯಾಸವೇ ಇದು. ಈ ಕಾರಣದಿಂದ ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಶಾಂತ ಸಾಗರದ ಕಡೆ ಹೋಗುವ ವಿಮಾನಕ್ಕೆ ಸುಮಾರು 16 ಗಂಟೆ ಸಾಕಾದರೆ, ಮರಳಿ ಬರಲು 17 ಗಂಟೆಗೂ ಹೆಚ್ಚು ಬೇಕಾಗುತ್ತದೆ.

2021ರ ಉತ್ತರ ಧ್ರುವದ ಹಾರಾಟ

ಈ ಮೂರೂ ಸಂಗತಿಗಳನ್ನು ಒಂದೇ ಹಾರಾಟದಲ್ಲಿ ಕಾಣಬಹುದಾದ ಉದಾಹರಣೆ 2021ರ ಜನವರಿಯದು. ಏರ್ ಇಂಡಿಯಾದ ಎಐ 176 ವಿಮಾನವು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ಹಾರಾಟವನ್ನು ಕೈಗೊಂಡಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್ ಈ ವಿಮಾನವನ್ನು ನಡೆಸಿದರು. ಚಾಲಕರೆಲ್ಲರೂ ಮಹಿಳೆಯರೇ ಆಗಿದ್ದುದು ದೇಶದ ಗಮನ ಸೆಳೆಯಿತು. ವಿಮಾನವು ಉತ್ತರ ಧ್ರುವದ ಮೇಲಿಂದ ಹಾದು ಬಂದಿತು.

ಇಲ್ಲಿ ಲೆಕ್ಕವೊಂದನ್ನು ಗಮನಿಸಬೇಕು. ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರವಾಗಿ ಧ್ರುವಕ್ಕೆ ಏರಿ, ಅಲ್ಲಿಂದ ನೇರವಾಗಿ ಬೆಂಗಳೂರಿಗೆ ಇಳಿದರೆ ಆ ದೂರ ಸುಮಾರು 14,360 ಕಿ.ಮೀ. ಆಗುತ್ತದೆ. ಅಂದರೆ ಧ್ರುವದ ದಾರಿ ಮಹಾವೃತ್ತದ ದಾರಿಗಿಂತ 370 ಕಿ.ಮೀ.ಯಷ್ಟು ಉದ್ದ. ವಾಸ್ತವವಾಗಿ ಅಂದು ಹಾರಿದ ದೂರ ಸುಮಾರು 16,000 ಕಿ.ಮೀ. ಎಂದು ವರದಿಯಾಯಿತು. ಆದರೂ ಆ ದಾರಿಯಿಂದ ಇಂಧನ ಉಳಿಯಿತೆಂದು ಚಾಲಕರು ತಿಳಿಸಿದರು. ಕಾರಣವಿಷ್ಟೆ: ಪಶ್ಚಿಮಾಭಿಮುಖವಾಗಿ ಶಾಂತ ಸಾಗರವನ್ನು ದಾಟುವಾಗ ಎದುರಾಗುವ ಜೆಟ್ ಮಾರುತವನ್ನು ಧ್ರುವದ ದಾರಿಯಲ್ಲಿ ಬಹುಮಟ್ಟಿಗೆ ತಪ್ಪಿಸಬಹುದು. ಉದ್ದದ ದಾರಿಯೇ ಬೇಗ ತಲುಪಿಸುವ ದಾರಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಗಡಿಯಾರ ಮಾಡುವ ಮೋಸ

ಆ ಮೊದಲ ಹಾರಾಟದ ವೇಳಾಪಟ್ಟಿಯನ್ನೇ ತೆಗೆದುಕೊಳ್ಳೋಣ. ಜನವರಿ 9ರ ಶನಿವಾರ ರಾತ್ರಿ 8.30ಕ್ಕೆ ಹೊರಟು ಜನವರಿ 11ರ ಸೋಮವಾರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು ತಲುಪಬೇಕು. ಮೇಲ್ನೋಟಕ್ಕೆ ಇದು 31 ಗಂಟೆಗೂ ಮೀರಿದ ಪಯಣ. ಆದರೆ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾವು ಭಾರತಕ್ಕಿಂತ 13 ಗಂಟೆ 30 ನಿಮಿಷ ಹಿಂದೆ ಇರುತ್ತದೆ. ಅಲ್ಲಿ ಶನಿವಾರ ರಾತ್ರಿ 8.30 ಆದಾಗ ಇಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ಭಾನುವಾರ ಬೆಳಿಗ್ಗೆ 10ರಿಂದ ಸೋಮವಾರ ಬೆಳಗಿನ ಜಾವ 3.45ರವರೆಗೆ ಎಣಿಸಿದರೆ ನಿಜವಾದ ಅವಧಿ 17 ಗಂಟೆ 45 ನಿಮಿಷ.

ಹೋಗುವಾಗ ಇದರ ವಿರುದ್ಧ. ಬೆಂಗಳೂರಿನಿಂದ ಚಳಿಗಾಲದ ಒಂದು ದಿನ ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದ ವಿಮಾನವು ಅದೇ ದಿನ ಸಂಜೆ 5 ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತದೆ. ಕಾಗದದ ಮೇಲೆ ಎರಡೂವರೆ ಗಂಟೆ. ಮೈಗೆ ಮಾತ್ರ ಪೂರಾ ಹದಿನಾರು ಗಂಟೆಯ ದಣಿವು. ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟಿದ್ದರ ಫಲವಿದು.

ಗೊಂದಲವಿಲ್ಲದೆ ಲೆಕ್ಕ ಹಾಕಲು ಒಂದೇ ಉಪಾಯ: ಹೊರಡುವ ವೇಳೆ ಮತ್ತು ತಲುಪುವ ವೇಳೆ ಎರಡನ್ನೂ ಭಾರತೀಯ ಕಾಲಮಾನಕ್ಕೆ ಬದಲಿಸಿ, ಅನಂತರವೇ ಕಳೆಯಬೇಕು. ಇದರಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲನೆಯ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡಲಾಗುತ್ತದೆ. ಆ ಅವಧಿಯಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ ಮಾತ್ರ. ಭಾರತದಲ್ಲಿ ಈ ಪದ್ಧತಿ ಇಲ್ಲದಿರುವುದರಿಂದ ಇಲ್ಲಿನವರು ಇದನ್ನು ಮರೆಯುವುದು ಸಾಮಾನ್ಯ. ಕಾಫಿ ಕೊಯ್ಲು ಮುಗಿದು ಮಾರಾಟದ ಮಾತುಕತೆ ನಡೆಯುವ ಮಾರ್ಚ್ ತಿಂಗಳಲ್ಲಿಯೇ ಈ ಬದಲಾವಣೆ ಬರುತ್ತದೆ. ದೂರವಾಣಿಯಲ್ಲಿ ಗೊತ್ತುಪಡಿಸಿದ ಮಾತುಕತೆಗೆ ಒಂದು ಗಂಟೆ ತಡವಾಗಿ ಹಾಜರಾದರೆ ಖರೀದಿದಾರನು ಕಾಯುತ್ತಾನೆಂದು ಹೇಳಲಾಗದು.

ನಡುವೆ ಇಳಿದು ಹೋಗುವ ದಾರಿಗಳು

ನೇರ ವಿಮಾನಗಳು ಎಲ್ಲ ಕಾಲದಲ್ಲೂ, ಎಲ್ಲ ದಿನವೂ ದೊರೆಯುವುದಿಲ್ಲ. 2021ರಲ್ಲಿ ಆರಂಭವಾದಾಗ ಈ ಸೇವೆ ವಾರಕ್ಕೆ ಎರಡು ದಿನ ಮಾತ್ರ ಇತ್ತು. ಅತಿ ದೂರದ ಸೇವೆಗಳು ಇಂಧನದ ಬೆಲೆ, ವಿಮಾನಗಳ ಲಭ್ಯತೆ ಮತ್ತು ಆಕಾಶದ ಗಡಿಗಳನ್ನು ಅವಲಂಬಿಸಿ ಆಗಾಗ ಬದಲಾಗುತ್ತವೆ, ನಿಲ್ಲುವುದೂ ಉಂಟು. ಆದುದರಿಂದ ಬಹುಪಾಲು ಪ್ರಯಾಣಿಕರು ನಡುವೆ ಒಂದು ಕಡೆ ಇಳಿದು ಮತ್ತೊಂದು ವಿಮಾನ ಹತ್ತುತ್ತಾರೆ. ಮಹಾವೃತ್ತದ ಲೆಕ್ಕದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬೇರೆ ಬೇರೆ ದಾರಿಗಳ ಉದ್ದ ಹೀಗಿದೆ:

ನೇರ ಮಾರ್ಗ: ಸುಮಾರು 14,000 ಕಿ.ಮೀ.
ದುಬೈ ಮೂಲಕ: ಸುಮಾರು 15,700 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: ಸುಮಾರು 16,550 ಕಿ.ಮೀ.
ಸಿಂಗಪುರ ಮೂಲಕ: ಸುಮಾರು 16,770 ಕಿ.ಮೀ.

ದುಬೈ ಮೂಲಕ ಹೋದರೆ ಹೆಚ್ಚಾಗುವ ದೂರ 1,700 ಕಿ.ಮೀ. ಮಾತ್ರ, ವಿಮಾನಕ್ಕೆ ಅದು ಎರಡು ಗಂಟೆಯ ಕೆಲಸ. ಆದರೆ ಒಟ್ಟು ಅವಧಿ ಎರಡು ಗಂಟೆಯಿಂದಷ್ಟೇ ಹೆಚ್ಚುವುದಿಲ್ಲ. ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ, ಅಲ್ಲಿ ಮೂರು ಗಂಟೆಯ ಕಾಯುವಿಕೆ, ಮುಂದೆ ಸುಮಾರು ಹದಿನಾರು ಗಂಟೆ: ಹೀಗೆ ಒಟ್ಟು 23 ಗಂಟೆಯಾಗುತ್ತದೆ. ನೇರ ಹಾರಾಟಕ್ಕಿಂತ ಇದು ಏಳು ಗಂಟೆ ಹೆಚ್ಚು. ಇದರಲ್ಲಿ ದೂರದ ಪಾಲು ಕಡಿಮೆ. ಇಳಿಯುವ, ಏರುವ, ಕಾಯುವ ಪಾಲೇ ಹೆಚ್ಚು. ಅಂದರೆ ಪಯಣವನ್ನು ಉದ್ದವಾಗಿಸುವುದು ಕಿಲೋಮೀಟರುಗಳಿಗಿಂತ ಹೆಚ್ಚಾಗಿ ಅದರ ಕೀಲುಗಳು.

ಇಂಧನ, ಓಡುದಾರಿ ಮತ್ತು ಸರಕಿನ ಜಾಗ

ಅರೇಹಳ್ಳಿ ಭಾಗದವರು ಕೇಳುವ ಮತ್ತೊಂದು ಪ್ರಶ್ನೆಯೆಂದರೆ, ರಸ್ತೆಯಲ್ಲಿ ಬೆಂಗಳೂರಿಗಿಂತ ಹತ್ತಿರವಿರುವ ಮಂಗಳೂರಿನಿಂದ ಇಂಥ ವಿಮಾನಗಳು ಏಕೆ ಹೊರಡುವುದಿಲ್ಲ ಎಂಬುದು. ಪ್ರಯಾಣಿಕರ ಸಂಖ್ಯೆ ಒಂದು ಕಾರಣವಾದರೆ, ಓಡುದಾರಿ ಮತ್ತೊಂದು ಕಾರಣ.

2021ರ ಹಾರಾಟದಲ್ಲಿ ಬಳಸಿದ ಬೋಯಿಂಗ್ 777-200 ಎಲ್‌ಆರ್ ವಿಮಾನದ ಗರಿಷ್ಠ ಹೊರಡುವ ತೂಕ ಸುಮಾರು 347 ಟನ್. ಅದರ ಟ್ಯಾಂಕುಗಳು ಪೂರ್ಣ ತುಂಬಿದರೆ ಇಂಧನವೇ ಸುಮಾರು 145 ಟನ್ ತೂಗುತ್ತದೆ. ಅಂದರೆ ವಿಮಾನದ ಒಟ್ಟು ತೂಕದ ನೂರಕ್ಕೆ ನಲವತ್ತಕ್ಕೂ ಹೆಚ್ಚು ಭಾಗ ಬರಿಯ ಇಂಧನ. ಇಷ್ಟು ಭಾರವನ್ನು ಎತ್ತಲು ಉದ್ದನೆಯ ಓಡುದಾರಿ ಬೇಕು. ಬೆಂಗಳೂರಿನ ಎರಡೂ ಓಡುದಾರಿಗಳು ತಲಾ 4,000 ಮೀಟರ್ ಉದ್ದವಿವೆ. ಮಂಗಳೂರಿನ ಬಜ್ಪೆ ನಿಲ್ದಾಣವು ಗುಡ್ಡದ ನೆತ್ತಿಯ ಮೇಲಿದ್ದು, ಅದರ ಮುಖ್ಯ ಓಡುದಾರಿಯ ಉದ್ದ 2,450 ಮೀಟರ್. ಕೊಲ್ಲಿ ದೇಶಗಳಿಗೆ ಹೋಗುವ ಚಿಕ್ಕ ವಿಮಾನಗಳಿಗೆ ಅದು ಸಾಕು. ಭೂಮಿಯ ಮೂರನೆಯ ಒಂದು ಭಾಗವನ್ನು ಸುತ್ತುವ ವಿಮಾನಕ್ಕೆ ಸಾಲದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಯೂ ಗಾಳಿ ತುಸು ತೆಳುವಾಗಿದ್ದು, ಬೇಸಗೆಯ ಮಧ್ಯಾಹ್ನ ಅದು ಮತ್ತಷ್ಟು ತೆಳುವಾಗುತ್ತದೆ. ಆಗ ವಿಮಾನದ ಹೊರೆಯನ್ನು ಇಳಿಸಬೇಕಾಗಬಹುದು.

ಹೊರೆ ಇಳಿಸುವುದೆಂದರೆ ಮೊದಲು ಇಳಿಯುವುದು ಸರಕು. ಇಂಧನವನ್ನು ಕಡಿಮೆ ಮಾಡುವಂತಿಲ್ಲ, ಟಿಕೆಟ್ ಪಡೆದ ಪ್ರಯಾಣಿಕರನ್ನು ಬಿಡುವಂತಿಲ್ಲ. ರಫ್ತುದಾರರು ಇದನ್ನು ನೆನಪಿನಲ್ಲಿಡಬೇಕು. ಅತಿ ದೂರದ ನೇರ ವಿಮಾನವು ಪ್ರಯಾಣಿಕನಿಗೆ ಶೀಘ್ರವಾದರೂ ಸರಕಿಗೆ ಅದರಲ್ಲಿ ಜಾಗ ಕಡಿಮೆ. ನಡುವೆ ಇಳಿದು ಇಂಧನ ತುಂಬಿಕೊಳ್ಳುವ ಸೇವೆಗಳು ಹೆಚ್ಚು ಸರಕನ್ನು ಹೊರಬಲ್ಲವು.

ಕಾಫಿಯ ವಿಷಯದಲ್ಲಿ ಈ ವಿವೇಚನೆ ಇನ್ನೂ ಮುಖ್ಯ. ಕಾಫಿ ಬೀಜದ ಮೂಟೆಗಳು ಹೋಗುವುದು ಹಡಗಿನಲ್ಲಿ. ಆಕಾಶದಲ್ಲಿ ಹೋಗುವುದು ಅದರ ಮಾದರಿ ಮಾತ್ರ. ಭಾರತದ ಕಾಫಿಗೆ ಬಹುಕಾಲದಿಂದ ಇಟಲಿಯೇ ದೊಡ್ಡ ಗಿರಾಕಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದಾಗ ಬಹಳಷ್ಟು ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಹೋದವು. ಸರಕು ಒಂದೆರಡು ವಾರ ತಡವಾಗಿ ಮುಟ್ಟಿತು. ಮೂಟೆಗೆ ಆ ತಡವನ್ನು ಹೇಗೋ ಸಹಿಸಬಹುದು. ಮಾದರಿ ತಡವಾದರೆ ಮಾತ್ರ ವ್ಯಾಪಾರವೇ ಕುದುರುವುದಿಲ್ಲ. ಖರೀದಿದಾರನು ರುಚಿ ನೋಡಿದ ಮೇಲೆಯೇ ಬೆಲೆಯ ಮಾತು.

ಮನೆಯ ಬಾಗಿಲಿನಿಂದ ಎಣಿಸಿದಾಗ

ಇದುವರೆಗೆ ಹೇಳಿದ್ದು ನಿಲ್ದಾಣದಿಂದ ನಿಲ್ದಾಣದ ಲೆಕ್ಕ. ವ್ಯಾಪಾರಿಗೆ ಬೇಕಾದದ್ದು ಬಾಗಿಲಿನಿಂದ ಬಾಗಿಲಿನ ಲೆಕ್ಕ. ಅರೇಹಳ್ಳಿಯಿಂದ ಬೇಲೂರು, ಹಾಸನ, ನೆಲಮಂಗಲದ ಮೂಲಕ ದೇವನಹಳ್ಳಿಯ ಬಳಿಯ ನಿಲ್ದಾಣಕ್ಕೆ 250 ಕಿ.ಮೀ.ಗೂ ಮೀರಿದ ದಾರಿ. ತೋಟದ ರಸ್ತೆ, ಊಟದ ನಿಲುಗಡೆ ಮತ್ತು ನಗರದ ಅಂಚಿನ ವಾಹನ ದಟ್ಟಣೆಗಳನ್ನು ಸೇರಿಸಿ ಆರೂವರೆ ಗಂಟೆಯನ್ನಾದರೂ ಇದಕ್ಕೆ ತೆಗೆದಿಡಬೇಕು. ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರಬೇಕು. ಹಾರಾಟಕ್ಕೆ ಹದಿನಾರು ಗಂಟೆ. ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಮತ್ತು ಸುಂಕದ ಕಟ್ಟೆಗಳಿಗೆ ಒಂದೂವರೆ ಗಂಟೆ. ಒಟ್ಟು 27 ಗಂಟೆ.

ಈ ಅಂಕಿಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಸತ್ಯ ಗೋಚರಿಸುತ್ತದೆ. ಅರೇಹಳ್ಳಿಯಿಂದ ದೇವನಹಳ್ಳಿಯವರೆಗಿನ ದಾರಿ ಇಡೀ ಪಯಣದ ದೂರದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲವೆನ್ನಬಹುದು. ಆದರೆ ವೇಳೆಯಲ್ಲಿ ಅದು ನಾಲ್ಕನೆಯ ಒಂದು ಪಾಲನ್ನು ನುಂಗುತ್ತದೆ. ವಿಮಾನ ತಯಾರಕರು ಹೇಗೋ ಶ್ರಮಿಸಿ ವಿಮಾನದ ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಈ ಪ್ರಯಾಣಿಕನಿಗೆ ಉಳಿಯುವುದು ಸುಮಾರು ಒಂದೂವರೆ ಗಂಟೆ. ಆರೂವರೆ ಗಂಟೆಯ ರಸ್ತೆ ಪಯಣ ಐದು ಗಂಟೆಗೆ ಇಳಿದರೂ ಉಳಿಯುವುದು ಅದೇ ಒಂದೂವರೆ ಗಂಟೆ. ಮೊದಲನೆಯದು ಸಿಯಾಟಲ್ಲಿನ ಕಾರ್ಖಾನೆಗಳ ಕೈಯಲ್ಲಿದೆ. ಎರಡನೆಯದು ನಮ್ಮ ಜಿಲ್ಲೆ ಮತ್ತು ರಾಜ್ಯಗಳ ಕೈಯಲ್ಲಿದೆ.

2008ರ ಮೇ 24ರಂದು ಬೆಂಗಳೂರಿನ ನಾಗರಿಕ ವಿಮಾನಯಾನವು ಹಳೆಯ ಎಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ ನಗರವಾಸಿಗಳಿಗೆ ದೂರ ಹೆಚ್ಚಿತು. ಹಾಸನದ ಕಡೆಯಿಂದ ಬರುವವರಿಗೆ ಮಾತ್ರ ನೆಲಮಂಗಲದಿಂದ ದೊಡ್ಡಬಳ್ಳಾಪುರದ ಮೂಲಕ, ನಗರದೊಳಗೆ ಹೊಕ್ಕದೆಯೇ ನಿಲ್ದಾಣ ಸೇರುವ ಅನುಕೂಲ ಒದಗಿತು. 2017ರಲ್ಲಿ ಶ್ರವಣಬೆಳಗೊಳ ಮತ್ತು ಕುಣಿಗಲ್ ಮಾರ್ಗವಾಗಿ ಹಾಸನ–ಬೆಂಗಳೂರು ರೈಲು ದಾರಿ ಪೂರ್ಣಗೊಂಡದ್ದರಿಂದ ಅರಸೀಕೆರೆಯನ್ನು ಬಳಸದೆ ರಾಜಧಾನಿ ಸೇರುವುದು ಸಾಧ್ಯವಾಯಿತು. ಅರಸೀಕೆರೆಯ ಕೊಬ್ಬರಿ ವರ್ತಕರಿಗಾದರೋ ಹುಬ್ಬಳ್ಳಿ ಮಾರ್ಗದ ರೈಲುಗಳು ಮೊದಲಿನಿಂದಲೂ ಇದ್ದವು. ಆದರೆ ರೈಲಿನಿಂದ ಇಳಿದು ವಿಮಾನ ನಿಲ್ದಾಣಕ್ಕೆ ಹೋಗುವ ಕೊನೆಯ ಕೊಂಡಿಯು ಇಂದಿಗೂ ಪಯಣದ ದುರ್ಬಲ ಕೀಲಾಗಿದೆ.

ಹಾಸನದಲ್ಲಿಯೇ ವಿಮಾನ ನಿಲ್ದಾಣವಾದರೆ ಈ ಸಮಸ್ಯೆ ತೀರುವುದೆಂಬ ನಿರೀಕ್ಷೆ ಹಳೆಯದು. ಬೂವನಹಳ್ಳಿಯ ಬಳಿ ಅದಕ್ಕೆ ಶಂಕುಸ್ಥಾಪನೆಯಾದದ್ದು 2007ರಲ್ಲಿ. ಆದರೆ ಇಲ್ಲಿಯೂ ಕೀಲಿನ ಲೆಕ್ಕವನ್ನು ಮರೆಯಬಾರದು. ಅರೇಹಳ್ಳಿಯಿಂದ ಹಾಸನಕ್ಕೆ ಒಂದೂವರೆ ಗಂಟೆ, ಅಲ್ಲಿ ಒಂದು ಗಂಟೆ ಮುಂಚಿತ ಹಾಜರಿ, ಬೆಂಗಳೂರಿಗೆ ಹೆಚ್ಚುಕಡಿಮೆ ಒಂದು ಗಂಟೆಯ ಹಾರಾಟ, ಅನಂತರ ವಿದೇಶ ವಿಮಾನಕ್ಕೆ ಮೂರು ಗಂಟೆಯ ಬಿಡುವು. ಕೂಡಿದರೆ ಆರೂವರೆ ಗಂಟೆ. ರಸ್ತೆಯ ಪಯಣಕ್ಕೆ ಮುಂಚಿತ ಹಾಜರಿಯನ್ನು ಸೇರಿಸಿದ ಒಂಬತ್ತೂವರೆ ಗಂಟೆಗೆ ಹೋಲಿಸಿದರೆ ಮೂರು ಗಂಟೆ ಉಳಿಯುತ್ತದೆ. ಆದರೆ ಎರಡು ವಿಮಾನಗಳ ವೇಳೆ ಹೊಂದಿಕೊಂಡಿದ್ದರೆ ಮಾತ್ರ ಈ ಉಳಿತಾಯ. ಬೆಂಗಳೂರಿನಲ್ಲಿ ಆರು ಗಂಟೆ ಕಾಯಬೇಕಾಗಿ ಬಂದರೆ ಗಳಿಸಿದ್ದೆಲ್ಲ ಅಲ್ಲಿಯೇ ಕರಗುತ್ತದೆ.

ಬರುವವರ ದೃಷ್ಟಿಯಿಂದಲೂ ಇದೇ ಮಾತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹದಿನೇಳು ಗಂಟೆ ಹಾರಿ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯುವ ಪ್ರವಾಸಿಯನ್ನು ಅಂದೇ ಐದಾರು ಗಂಟೆ ರಸ್ತೆಯ ಮೇಲೆ ಕೂರಿಸಿದರೆ ಚೆನ್ನಕೇಶವನ ಮುಂದೆ ನಿಂತಾಗಲೂ ಅವನ ಕಣ್ಣು ಎಳೆಯುತ್ತಿರುತ್ತದೆ. ಮೊದಲ ದಿನವನ್ನು ವಿಶ್ರಾಂತಿಗೆ ಮೀಸಲಿಟ್ಟು, ಮರುದಿನ ದೇವಾಲಯಗಳ ದರ್ಶನವನ್ನೂ ಅದರ ಮರುದಿನ ಕಾಫಿ ತೋಟದ ವಾಸ್ತವ್ಯವನ್ನೂ ಹೊಂದಿಸುವ ಹೋಟೆಲು ಮತ್ತು ಹೋಂಸ್ಟೇ ಮಾಲೀಕರಿಗೆ ಒಂದು ರಾತ್ರಿಯ ವ್ಯಾಪಾರವೂ ಹೆಚ್ಚು, ಅತಿಥಿಯ ಸಂತೋಷವೂ ಹೆಚ್ಚು.

ವರ್ತಕರು ಗಮನಿಸಬೇಕಾದ ಅಂಶಗಳು

1. ಪಯಣದ ಅವಧಿಯನ್ನು ಟಿಕೆಟ್ಟಿನ ತಾರೀಖುಗಳಿಂದ ಅಂದಾಜು ಮಾಡಬಾರದು. ಎರಡೂ ವೇಳೆಗಳನ್ನು ಭಾರತೀಯ ಕಾಲಮಾನಕ್ಕೆ ಬದಲಿಸಿಯೇ ಲೆಕ್ಕ ಹಾಕಬೇಕು. ಮಾರ್ಚ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಅಮೆರಿಕದ ಗಡಿಯಾರ ಬದಲಾಗುವುದನ್ನು ಗುರುತಿಟ್ಟುಕೊಳ್ಳಬೇಕು.

2. ನಡುವೆ ವಿಮಾನ ಬದಲಿಸುವುದಾದರೆ ಇಡೀ ಪಯಣಕ್ಕೆ ಒಂದೇ ಟಿಕೆಟ್ ಪಡೆಯುವುದು ಕ್ಷೇಮ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಆಗ ವಿಮಾನ ಸಂಸ್ಥೆಯ ಹೊಣೆ. ಬೇರೆ ಬೇರೆ ಟಿಕೆಟ್ ಪಡೆದು ಕೆಲವು ಸಾವಿರ ರೂಪಾಯಿ ಉಳಿಸಿದವನಿಗೆ ಆ ರಕ್ಷಣೆ ಸಿಗುವುದಿಲ್ಲ.

3. ಮಳೆಗಾಲದಲ್ಲಿ ಮಂಗಳೂರಿನ ಮೂಲಕ ಹೊರಡುವವರು ಶಿರಾಡಿ ಘಾಟಿಯನ್ನು ನಂಬಿ ವೇಳೆಯನ್ನು ಬಿಗಿಯಾಗಿ ಇಟ್ಟುಕೊಳ್ಳಬಾರದು. 2018 ಮತ್ತು 2024ರ ಮಳೆಗಾಲಗಳಲ್ಲಿ ಭೂಕುಸಿತದಿಂದ ಆ ದಾರಿ ಬಂದ್ ಆಗಿದ್ದುದನ್ನು ಈ ಭಾಗದವರು ಮರೆತಿಲ್ಲ. ಅಂಥ ದಿನಗಳಲ್ಲಿ ಒಂದು ರಾತ್ರಿ ಮುಂಚಿತವಾಗಿ ಹೊರಡುವುದೇ ಲಾಭ.

4. ಮಾದರಿಯನ್ನು ಕಳುಹಿಸುವಾಗ ಅದು ತಲುಪುವ ವಾರದ ದಿನವನ್ನು ನೋಡಿ ಕಳುಹಿಸಬೇಕು. ಇಲ್ಲಿ ಶನಿವಾರ ಬೆಳಿಗ್ಗೆ ಆದಾಗ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರದ ಸಂಜೆ. ಅಲ್ಲಿನ ಕಚೇರಿಗಳು ಮತ್ತೆ ತೆರೆಯುವುದು ನಮ್ಮ ಸೋಮವಾರ ರಾತ್ರಿಗೆ. ವಾರದ ಆರಂಭದಲ್ಲಿ ಕಳುಹಿಸಿದ ಪೊಟ್ಟಣಕ್ಕೆ ಈ ಕಾಯುವಿಕೆ ತಪ್ಪುತ್ತದೆ.

5. ತಲುಪಿದ ದಿನವೇ ಮುಖ್ಯ ಮಾತುಕತೆ ಇಟ್ಟುಕೊಳ್ಳಬಾರದು. ಹನ್ನೆರಡು ಹದಿಮೂರು ಗಂಟೆಗಳ ವ್ಯತ್ಯಾಸವೆಂದರೆ ಹಗಲು ರಾತ್ರಿಗಳೇ ಅದಲುಬದಲು. ನಿದ್ದೆಯ ಮಂಪರಿನಲ್ಲಿ ಒಪ್ಪಿದ ಬೆಲೆಗೆ ವರ್ಷವಿಡೀ ವಿಷಾದಿಸಬೇಕಾದೀತು.

ಜಗತ್ತಿನ ಅತಿ ಉದ್ದದ ಪ್ರಯಾಣಿಕ ಹಾರಾಟವೆನಿಸಿದ ಸಿಂಗಪುರ–ನ್ಯೂಯಾರ್ಕ್ ಸೇವೆಯ ದೂರ ಸುಮಾರು 15,350 ಕಿ.ಮೀ. ಭೂಮಿಯ ಮೇಲಿನ ಯಾವ ಎರಡು ಸ್ಥಳಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚಿನ ದೂರ ಇರಲಾರದು. ಅಂದರೆ ಆಕಾಶದ ದೂರವನ್ನು ವಿಮಾನಗಳು ಬಹುಮಟ್ಟಿಗೆ ಗೆದ್ದಿವೆ. ಗೆಲ್ಲಬೇಕಾಗಿ ಉಳಿದಿರುವುದು ತೋಟದ ಗೇಟಿನಿಂದ ನಿಲ್ದಾಣದ ಬಾಗಿಲಿನವರೆಗಿನ ದೂರ. ರಸ್ತೆಯ ಅಗಲೀಕರಣ, ಘಾಟಿಯ ಸುರಕ್ಷತೆ, ರೈಲಿನಿಂದ ನಿಲ್ದಾಣಕ್ಕೆ ನೇರ ಸಂಪರ್ಕ ಇವುಗಳಿಗಾಗಿ ವಾಣಿಜ್ಯ ಸಂಘಟನೆಗಳು ಸಲ್ಲಿಸುವ ಮನವಿಗಳಲ್ಲಿ ಕಿಲೋಮೀಟರುಗಳ ಜೊತೆಗೆ ಗಂಟೆಗಳ ಲೆಕ್ಕವನ್ನೂ ಸೇರಿಸಿದರೆ ಆ ಬೇಡಿಕೆಗೆ ಹೆಚ್ಚಿನ ಬಲ ಬರುವುದರಲ್ಲಿ ಸಂದೇಹವಿಲ್ಲ.